ಕೆಂಪು ಮುಚ್ಚಳ

ಕೊಳವೆಗೆ ಮುಚ್ಚಳ ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಸಂಸ್ಥೆಯಲ್ಲಿ ಇಂದಿಗೂ ದೋಣಿಯವನನ್ನು ಬೈಯುತ್ತಾರೆ.

ಪುಣೆಯಲ್ಲಿ ನನ್ನ ಕೆಲಸ ಕೆಸರು ಓದುವುದು. ಮೈಸೂರಿನಲ್ಲಿ ಅಮ್ಮ ಇದನ್ನು ನೆಂಟರಿಗೆ ವಿವರಿಸಲು ಹೋಗಿ ಸೋತು, ‘ಅದೇನೋ ಆಫೀಸು’ ಎಂದು ಸುಮ್ಮನಾಗುತ್ತಾಳೆ. ಹೊಂಡದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನಲ್ಲಿ ಹಳೆಯ ಹೂವುಗಳ ಪರಾಗ ಕೆಡದೆ ಉಳಿದಿರುತ್ತದೆ. ಕೆಳಗಿನದು ಹಳೆಯ ಕಾಲ, ಮೇಲಿನದು ಈಚಿನದು. ಸೂಕ್ಷ್ಮದರ್ಶಕದಡಿ ನೋಡಿ, ಯಾವ ಗಿಡ ಯಾವಾಗಿನಿಂದ ಇತ್ತು ಎಂದು ಹೇಳುತ್ತೇನೆ. ನಾನು ಹೇಳಿದ್ದನ್ನು ನಂಬಿ ಬೇರೆಯವರು ಗಿಡ ನೆಡುತ್ತಾರೆ, ಇಲ್ಲವೇ ಕಡಿಯುತ್ತಾರೆ.

ಆ ಸಲ ಬಂದದ್ದು ಒಂದು ಪುಟ್ಟ ದ್ವೀಪದ ಪ್ರಶ್ನೆ. ಅರ್ಧ ದ್ವೀಪ ಹುಲ್ಲುಬಯಲು, ಅಲ್ಲಿ ಕಡಲಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಡುತ್ತವೆ. ಇನ್ನರ್ಧ ಕೇದಗೆ ಪೊದೆ, ಅದರ ಹಿಂದೆ ಮೀನುಗಾರರ ಕೆಲವು ಗುಡಿಸಲು, ಒಂದು ಸಿಹಿನೀರಿನ ಬಾವಿ. ಕೇದಗೆ ಹಕ್ಕಿಗಳ ಜಾಗವನ್ನು ನುಂಗುತ್ತಿದೆಯೋ, ಅಥವಾ ದ್ವೀಪದ ಮೂಲ ನಿವಾಸಿಯೇ ಅದೋ? ದ್ವೀಪ ನೋಡಿಕೊಳ್ಳುವ ಅಧಿಕಾರಿಗೆ ಮಳೆಗಾಲಕ್ಕೆ ಮೊದಲೇ ಉತ್ತರ ಬೇಕಿತ್ತು.

ದೋಣಿಯಲ್ಲಿ ಹೋಗಿ ದ್ವೀಪದ ಹೊಂಡದಿಂದ ಕೆಸರು ತೆಗೆದೆ. ಕೊಳವೆಯ ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ನೀಲಿ. ಅದು ನಮ್ಮ ಪದ್ಧತಿ. ಮೇಲೆ ಯಾವ ಕಡೆ ಎಂದು ಕೊಳವೆಯ ಮೈಮೇಲೆ ಬಾಣದ ಗುರುತನ್ನೂ ಬರೆಯಬೇಕು. ಕೈ ಒದ್ದೆಯಿತ್ತೆಂದು ನಾನು ಬರೆಯಲಿಲ್ಲ. ವಾಪಸು ಬರುವಾಗ ದೋಣಿ ಓಲಾಡಿ ಎರಡೂ ಮುಚ್ಚಳ ಕಳಚಿಕೊಂಡವು. ವಾಂತಿ ತಡೆಯುತ್ತ, ನೆನಪಿದ್ದಂತೆ ತುರುಕಿದೆ.

ಪುಣೆಗೆ ಬಂದು ಓದಿದರೆ ಕತೆ ಸ್ಪಷ್ಟವಾಗಿತ್ತು. ನೀಲಿ ತುದಿಯಲ್ಲಿ ಹುಲ್ಲು, ಕೆಂಪಿನತ್ತ ಬಂದಂತೆ ಕೇದಗೆಯೇ ಕೇದಗೆ. ಹೊಸದಾಗಿ ಹಬ್ಬಿದ ಗಿಡ, ತೆಗೆಯಬಹುದು ಎಂದು ವರದಿ ಬರೆದೆ. ಕೆಸರಿನ ವಯಸ್ಸು ಅಳೆಯಲು ಕಳಿಸಿದ ಚೂರುಗಳ ಫಲಿತಾಂಶ ಬಂದಿರಲಿಲ್ಲ. ಕಾಯೋಣವೇ ಎಂದು ಮೇಲಿನವರನ್ನು ಕೇಳಿದೆ. ನಾನು ಕೇಳಿದ ದನಿಯಲ್ಲೇ ಬೇಡ ಎನ್ನುವುದೂ ಇತ್ತು, ಅವರೂ ಬೇಡ ಎಂದರು. ಅಷ್ಟು ಚೆಂದದ ಕತೆಯನ್ನು ಯಾರು ಕಾಯಿಸುತ್ತಾರೆ?

ವರದಿ ಹೋಗಿ ಹತ್ತು ದಿನಕ್ಕೆ, ಸೀಳಿಟ್ಟ ಕೊಳವೆಯನ್ನು ಶೀತಕೋಣೆಯಿಂದ ತಂದು ಮೇಜಿನ ಮೇಲೆ ನೆಟ್ಟಗೆ ಒರಗಿಸಿದ್ದೆ. ಪ್ರಯೋಗಾಲಯ ಗುಡಿಸುವ ಹೆಂಗಸು ಒಳಗೆ ಬಂದಳು. ಯಾದಗಿರಿ ಕಡೆಯವಳು, ಮನೆ ಪುಣೆಯ ಕೊಂಢವಾದಲ್ಲಿ. ಮೊಣಕಾಲು ಹೋಗುವ ತನಕ ಕಟ್ಟಡಗಳ ಪಾಯ ತೋಡಿದವಳು. ಎಲ್ಲರೂ ಅವಳನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು; ನನ್ನ ಹತ್ತಿರ ಮಾತ್ರ ಅವಳದು ಕನ್ನಡ.

“ಬಾಯಾರ, ಇದನ್ನ ತಲಿಕೆಳಗ ಇಟ್ಟೀರಲ್ರಿ.”

“ಇಲ್ಲ ಮಾವಶಿ, ಕೆಂಪು ಮುಚ್ಚಳ ಇರೋದೇ ಮೇಲ್ಗಡೆ. ನೀವು ನೆಲ ಒರೆಸಿ.” ನನಗೆ ಸಿಟ್ಟು ಬೇಗ.

“ಮುಚ್ಚಳದ್ದು ನಂಗ ಗೊತ್ತಿಲ್ರಿ, ಉಸುಕಿಂದು ಗೊತ್ತದ. ಮಳಿನೀರು ತುಂಬಿದ ಪಾಯಾ ಎಷ್ಟ ಬಳದೀನಿ. ನೀರು ನಿಂತಮ್ಯಾಲ ದಪ್ಪ ಉಸುಕ ಮೊದಲ ಕೂಡ್ತದ, ಸಣ್ಣ ರಾಡಿ ಅದರ ಮ್ಯಾಲ. ಇಲ್ಲಿ ನೋಡ್ರಿ, ಎಲ್ಲಾ ಪಟ್ಟಿ ಉಲ್ಟಾ ಅದಾವ.”

ನೋಡಿದೆ. ಬಿರುಗಾಳಿಗಳಲ್ಲಿ ಸಮುದ್ರ ಹೊಂಡಕ್ಕೆ ನುಗ್ಗಿಸಿದ ಮರಳಿನ ಪಟ್ಟೆಗಳು ಅವು. ಪ್ರತಿಯೊಂದರಲ್ಲೂ ನಯವಾದ ಮಣ್ಣು ಕೆಳಗೆ, ದಪ್ಪ ಮರಳು ಮೇಲೆ. ಪರಾಗ ಎಣಿಸುವ ಆತುರದಲ್ಲಿ ನಾನು ಮರಳನ್ನು ನೋಡಿಯೇ ಇರಲಿಲ್ಲ. ಕೊಳವೆಯನ್ನು ತಿರುಗಿಸಿ ನಿಲ್ಲಿಸಿ, ಕೆಳಗಿನಿಂದ ಮತ್ತೆ ಓದಿದೆ. ಮೊದಲು ಇಡೀ ದ್ವೀಪ ಕೇದಗೆ. ಅದು ಕಡಿಮೆಯಾದಷ್ಟೂ ಮರಳಿನ ಪಟ್ಟೆಗಳು ಒತ್ತೊತ್ತಾಗಿದ್ದವು. ಅಂದರೆ ಸಮುದ್ರ ಪದೇ ಪದೇ ಒಳಗೆ ಬರತೊಡಗಿತ್ತು. ಅದನ್ನು ತಡೆದು ನಿಂತದ್ದು ಉಳಿದ ಆ ಅರ್ಧ ಪೊದೆಯೇ.

ಅಧಿಕಾರಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಸಂತೋಷದಿಂದ ಮರಾಠಿಯಲ್ಲಿ ಧನ್ಯವಾದ ಹೇಳಿದರು: ನಿನ್ನೆಗೇ ಕೆಲಸ ಮುಗಿದಿದೆ, ಬೇರು ಸಮೇತ ತೆಗೆಸಿದ್ದೇವೆ, ಫೋಟೋ ಕಳಿಸುತ್ತೇನೆ. ಕೊಳವೆಯನ್ನು ತಲೆಕೆಳಗಾಗಿ ಓದಿದ್ದೆ, ತಪ್ಪು ನನ್ನದು ಎಂದೆ. ಬರವಣಿಗೆಯಲ್ಲಿ ಕೊಡಿ ಎಂದರು. ಅಂದೇ ಬರೆದುಕೊಟ್ಟೆ. ಗುಡಿಸಲಿನವರನ್ನು ಮಳೆಗೆ ಮೊದಲು ದಡಕ್ಕೆ ಕರೆತನ್ನಿ ಎಂದು ಎರಡು ಸಲ ಬರೆದೆ.

ಫೋಟೋ ಬಂತು. ದೋಣಿಯಿಂದ ತೆಗೆದದ್ದು, ಶುಭ್ರವಾದ ಬಿಳಿ ಮರಳು. ಮಾವಶಿ ಪೊರಕೆ ಹಿಡಿದೇ ಬಗ್ಗಿ ನೋಡಿದಳು.

“ಮನಿ ಬಾಗಲಾ ಎಷ್ಟ ಛಂದ ಕಾಣ್ತಾವಲ್ರಿ,” ಎಂದಳು.

ನಾನು ಹೋಗಿದ್ದಾಗ ಕೇದಗೆ ಅಡ್ಡವಿತ್ತು, ದೋಣಿಯಿಂದ ಒಂದು ಬಾಗಿಲೂ ಕಂಡಿರಲಿಲ್ಲ. ಕಿಟಕಿಯಾಚೆ, ಊರಂಚಿನ ಹಡಪಸರದ ಕಡೆ ಮೋಡ ಕಟ್ಟಿತ್ತು. ಊರೆಲ್ಲ ಒಂದು ತಿಂಗಳಿಂದ ಆ ಮೋಡಕ್ಕೆ ಕಾದಿತ್ತು, ನಾನೂ ಕಾದಿದ್ದೆ.