ನೀರಿನ ತೊಟ್ಟಿಯ ಕೆಳಗಿನ ಸಾಲು

ಮೊನ್ನೆ ಮಗಳಿಗೆ ನೆಗಡಿಯಾಗಿತ್ತು. ಕುದಿಯುವ ನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ, ಅವಳ ತಲೆಯ ಮೇಲೆ ಟವೆಲ್ ಹೊದಿಸಿದೆ. ಹಬೆಯ ಜೊತೆ ಆ ವಾಸನೆ ಅಡುಗೆಮನೆ ತುಂಬಿ ನನ್ನ ಗಂಟಲಿಗೂ ಇಳಿಯಿತು. ಮಗಳು ಟವೆಲ್ಲಿನ ಒಳಗಿನಿಂದ "ಸಾಕಾ ಅಮ್ಮಾ?" ಎಂದು ಕೇಳುತ್ತಲೇ ಇದ್ದಳು, ನಾನು ಮಾತ್ರ ಒಂಬತ್ತು ವರ್ಷದವಳಾಗಿ, ಬಿಂಕದಕಟ್ಟಿಯ ಗಿಡಗಳ ತೋಟದಲ್ಲಿ, ಉದ್ದನೆಯ ನೀಲಗಿರಿ ಎಲೆಗಳನ್ನು ಅಂಗೈಯಲ್ಲಿ ಹೊಸಕಿ ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನನ್ನ ಮುಂದೆ ನಡೆಯುತ್ತಿದ್ದಳು. ನಿಮಗೂ ಹೀಗೆ ಆಗುತ್ತಿರಬಹುದು. ಇಲ್ಲದ ಮನೆಯೊಂದು ಇದ್ದಕ್ಕಿದ್ದಂತೆ ಪೂರ್ತಿಯಾಗಿ, ಬಾಗಿಲು ಕಿಟಕಿಗಳ ಸಮೇತ, ಬಂದು ನಿಂತುಬಿಡುತ್ತದೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯಲ್ಲಿ ನಾಲ್ಕು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಅಪ್ಪ ಮತ್ತು ಕಾಕಾ ಬೆಳಗಿನಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದರು. ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಹಿತ್ತಲಲ್ಲಿ ನೂಲು ಸುತ್ತುತ್ತಿದ್ದರು. ಮನೆಗೆಲ್ಲ ಗಂಜಿಯ ಹುಳಿ ವಾಸನೆ, ಹಸಿ ಬಣ್ಣದ ವಾಸನೆ. ಲಾಳಿಯ ಸದ್ದಿಗೆ ನಾನೂ ಕಾಕಾನ ಮಗಳು ಸಾವಿತ್ರಿಯೂ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಅದು ನಿಂತಾಗ ಮಾತ್ರ ತಲೆ ಎತ್ತಿ ನೋಡುತ್ತಿದ್ದೆವು. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಂಗಡಿಗಳ ಬೋರ್ಡುಗಳಲ್ಲಿ 'ಜಿಲ್ಲಾ ಧಾರವಾಡ' ಅಳಿಸಿ 'ಜಿಲ್ಲಾ ಗದಗ' ಎಂದು ಬರೆಯುತ್ತಿದ್ದರು. ಹಳೆಯ ಅಕ್ಷರಗಳು ಹೊಸ ಬಣ್ಣದ ಕೆಳಗಿನಿಂದ ಇಣುಕುತ್ತಿದ್ದವು. ಎಲ್ಲರ ಬಾಯಲ್ಲೂ ಏನೋ ಹೊಸದು ಬರಲಿದೆ ಎಂಬ ಮಾತು. ಕಾಕಾನಿಗೂ ಅದೇ ಗಾಳಿ ತಾಗಿತ್ತೋ ಏನೋ, ಒಂದು ದಿನ ಊಟಕ್ಕೆ ಕುಳಿತಾಗ, ತನ್ನ ಪಾಲಿನ ಎರಡು ಮಗ್ಗ ಕಿತ್ತು ವಿದ್ಯುತ್ ಮಗ್ಗ ಹಾಕುತ್ತೇನೆ ಎಂದುಬಿಟ್ಟ.

ಅಪ್ಪನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು. "ನಮ್ಮಪ್ಪ ಸಾಯೂತನಕ ಕುಣಿ ಬಿಟ್ಟು ಎದ್ದಾವಲ್ಲ. ಅಂಥವನ ಹೊಟ್ಟಿಯಾಗ ಹುಟ್ಟಿ ನೀ ಈ ಮಾತು ಆಡ್ತಿಯೇನು?" ಎಂದರು. ಕಾಕಾ ಮೊದಲು ತಾಳ್ಮೆಯಿಂದಲೇ ಹೇಳಿದ. ಮಾತು ಬೆಳೆದಾಗ ಅವನ ಬಾಯಿಂದಲೂ ಬರಬಾರದ್ದು ಬಂತು: "ನೀ ಈ ಮಗ್ಗದ ಹೆಣಾ ಕಾಯ್ಕೊಂತ ಕುಂಡ್ರಣ್ಣ. ನನಗ ಆಗೂದಿಲ್ಲ."

ಅಂದಿನಿಂದ ನಾಲ್ಕು ತಿಂಗಳು ಅಣ್ಣತಮ್ಮಂದಿರು ಮಾತಾಡಲಿಲ್ಲ. ಮೂರು ಮೊಳ ದೂರದ ಮಗ್ಗಗಳಲ್ಲಿ ಕುಳಿತು ಅಪ್ಪ, "ಸಾವಿ, ನಿಮ್ಮಪ್ಪಗ ಹೇಳು, ಕರಿ ನೂಲು ಮುಗದೈತಿ ಅಂತ" ಎನ್ನುತ್ತಿದ್ದರು. ಕಾಕಾ ಕೇಳಿಸಿಕೊಂಡಿರುತ್ತಿದ್ದ. ಆದರೂ ಸಾವಿ ಹೋಗಿ ಅದನ್ನೇ ಹೇಳಬೇಕು, ಉತ್ತರವನ್ನು ನಾನು ತರಬೇಕು. ನಮಗೆ ಮೊದಮೊದಲು ಅದು ಆಟ. ಆಮೇಲೆ ಅಡುಗೆಮನೆಯಲ್ಲಿ ಎರಡನೆಯ ಒಲೆ ಬಂತು, ಪಡಸಾಲೆಯ ನಡುವೆ ಸುಣ್ಣದ ಗೆರೆ ಬಿತ್ತು, ಸೋಮವಾರ ಗೌಂಡಿ ಬಂದು ಗೋಡೆ ಏರಿಸುತ್ತಾನೆ ಎಂಬ ಸುದ್ದಿ ಬಂತು. ಆಟ ಮುಗಿಯಿತು. ಗೋಡೆ ಎದ್ದ ಮೇಲೆ ಒಟ್ಟಿಗೆ ಮಲಗುವುದು ಹೇಗೆ ಎಂದು ಸಾವಿ ನನ್ನನ್ನು ಕೇಳಿದಳು.

ಆಯಿ ಅಷ್ಟು ದಿನ ಯಾರ ಪರವಾಗಿಯೂ ಒಂದು ಮಾತು ಆಡಿರಲಿಲ್ಲ. ಶನಿವಾರ ಬೆಳಿಗ್ಗೆ ಇಬ್ಬರು ಮಕ್ಕಳ ಮಗ್ಗಗಳ ನಡುವೆ, ಆ ಸುಣ್ಣದ ಗೆರೆಯ ಮೇಲೇ ಕುಳಿತು, "ಸೋಮವಾರ ಗೋಡಿ ಕಟ್ಟೂದಿದ್ರ ಕಟ್ಕೋರಿ. ನಾ ಬ್ಯಾಡ ಅನ್ನೂದಿಲ್ಲ. ನಾಳಿಗೆ ಎಲ್ಲಾರೂ ನನ್ನ ಜೋಡಿ ಬಿಂಕದಕಟ್ಟಿ ತ್ವಾಟಕ್ಕ ಬರಬೇಕು. ಇದೊಂದು ಕೇಳ್ತೀನಿ" ಎಂದಳು. ಮದುವೆ, ಮುಂಜಿ ಬಿಟ್ಟರೆ ಓಣಿ ದಾಟದ ಮುದುಕಿ ಗಿಡ ನೋಡಲು ಹೋಗಬೇಕೆಂದದ್ದು ಎಲ್ಲರಿಗೂ ವಿಚಿತ್ರವಾಗಿ ಕಂಡಿತು. ಆದರೂ ಒಪ್ಪಿದರು.

ಎರಡು ಟಾಂಗಾ ಹೇಳಿದರು. ಹೆಂಗಸರು, ಮಕ್ಕಳೆಲ್ಲ ಒಂದರಲ್ಲಿ ಎಂದು ಆಯಿ ಹತ್ತಿ ಕುಳಿತಳು. ಇನ್ನೊಂದರಲ್ಲಿ ಅಪ್ಪ, ಕಾಕಾ ಮತ್ತು ನೀರಿನ ಕೊಡ. ಕಾಕಾ ಟಾಂಗಾದವನ ಪಕ್ಕದಲ್ಲಿ ಮುಂದಕ್ಕೆ ಮುಖ ಮಾಡಿದ. ಅಪ್ಪ ಹಿಂದಿನ ಸೀಟಿನಲ್ಲಿ, ರಸ್ತೆಗೆ ಕಾಲು ಇಳಿಬಿಟ್ಟು, ಬಿಟ್ಟುಬಂದ ಊರಿನ ಕಡೆ ನೋಡುತ್ತ ಕುಳಿತರು. ದಾರಿಯುದ್ದಕ್ಕೂ ಇಬ್ಬರ ಬೆನ್ನುಗಳು ಮಾತ್ರ ಒಂದಕ್ಕೊಂದು ತಾಗುತ್ತಿದ್ದವು. ನಮ್ಮ ಟಾಂಗಾದಲ್ಲಿ ಚಿಗವ್ವ ಅವ್ವನ ತೊಡೆಯ ಮೇಲೆ ಸುಮ್ಮನೆ ಕೈ ಇಟ್ಟಿದ್ದಳು. ಅವರಿಬ್ಬರ ನಡುವೆ ಯಾವ ಜಗಳವೂ ಇರಲಿಲ್ಲ ಎಂಬುದು ನನಗೆ ಅಂದೇ ತಿಳಿದದ್ದು.

ತೋಟದ ಕಬ್ಬಿಣದ ಗೇಟು ದಾಟುತ್ತಲೇ ಬಿಸಿಲು ಹಿಂದೆ ಉಳಿಯಿತು. ಬಯಲುಸೀಮೆಯ ಮಕ್ಕಳು ನಾವು. ಕರಿ ಎರೆಭೂಮಿ, ಹತ್ತಿ, ಶೇಂಗಾ ಕಂಡವರು. ಅಷ್ಟೊಂದು ಗಿಡಗಳನ್ನು ಒಟ್ಟಿಗೆ ಕಂಡಿರಲಿಲ್ಲ. ಬೇವು, ಹೊಂಗೆ, ಹುಣಸೆ, ಆಕಾಶಕ್ಕೆ ಹೋದ ನೀಲಗಿರಿ. ಒಣ ಎಲೆಗಳು ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿದ್ದವು. ತಂತಿಬೇಲಿಯ ಆಚೆ ಜಿಂಕೆಗಳು ಕಿವಿ ಅಲ್ಲಾಡಿಸುತ್ತ ನಿಂತಿದ್ದವು, ಎಲ್ಲೋ ನವಿಲು ಕೂಗುತ್ತಿತ್ತು. ನಾವು ಬೇಲಿಗೆ ಅಂಟಿಕೊಂಡರೆ ಆಯಿ ಅತ್ತ ತಿರುಗಿಯೂ ನೋಡಲಿಲ್ಲ. ಕಾವಲುಗಾರನ ಬಳಿ ಹೋಗಿ, "ಇಲ್ಲಿ ಹಳೇದೊಂದು ಕಲ್ಲಿನ ನೀರಿನ ತೊಟ್ಟಿ ಇತ್ತಲ್ರಿ, ಎಲ್ಲೈತಿ?" ಎಂದು ಕೇಳಿದಳು.

"ಆ ಒಡದ ತೊಟ್ಟೀನೇನಬೇ? ಅಲ್ಲಿ ನೋಡಾಕ ಏನೂ ಇಲ್ಲ. ದಿಬ್ಬದ ಮ್ಯಾಲ ಐತಿ."

"ಇರಲಿ. ದಾರಿ ತೋರ್ಸಪಾ."

ತೊಟ್ಟಿಯ ಕೆಳಗಿನ ಇಳಿಜಾರಿನಲ್ಲಿ ಬೇವು ಮತ್ತು ನೀಲಗಿರಿಯ ಒಂದು ನೇರ ಸಾಲು ಇತ್ತು. ಅದರ ನೆರಳಿನಲ್ಲಿ ಆಯಿ ಜಮಖಾನೆ ಹಾಸಿಸಿದಳು. ಮನೆಯಲ್ಲಿ ಎರಡು ಒಲೆಯಾಗಿದ್ದರಿಂದ ಬುತ್ತಿಯ ಗಂಟೂ ಎರಡಿದ್ದವು. ಆಯಿ ಎರಡನ್ನೂ ಬಿಚ್ಚಿ, ಅವ್ವನ ರೊಟ್ಟಿ ಚಿಗವ್ವನ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಎರಡೂ ಕಡೆಯ ಬದನೆಕಾಯಿ ಪಲ್ಯವನ್ನು ಒಂದೇ ಪಾತ್ರೆಗೆ ಸುರಿದು ಕಲಸಿಬಿಟ್ಟಳು. ಶೇಂಗಾ ಚಟ್ನಿ, ಮೊಸರನ್ನ, ಉಳ್ಳಾಗಡ್ಡಿ. ತಾನೇ ಎಲ್ಲರಿಗೂ ಬಡಿಸಿದಳು. ಹಲ್ಲಿನ ಕೆಳಗೆ ರೊಟ್ಟಿ ಮುರಿಯುವ ಸದ್ದು ಮಾತ್ರ. ಅಷ್ಟಾದರೂ ಆ ಊಟದ ರುಚಿ ನನಗೆ ಇನ್ನೂ ನೆನಪಿದೆ.

ಊಟವಾಗಿ ಕೈ ತೊಳೆದ ಮೇಲೆ ಆಯಿ ಹತ್ತಿರದ ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಹೇಳತೊಡಗಿದಳು. ದನಿ ಏರಿಸಲಿಲ್ಲ. ಅಪ್ಪನ ಕಡೆ ನೋಡಿ, ಸೀರೆಯ ಲೆಕ್ಕ ಹೇಳುವವಳಂತೆ ಹೇಳಿದಳು.

"ಶಂಕ್ರ, ಆಗ ನೀ ಸಾಲಿಗೆ ಹೋಗಾಕ ಚಾಲೂ ಮಾಡಿದ್ದಿ. ನಿನ್ನ ತಮ್ಮ ಈರ ತೊಟ್ಟಲದಾಗ ಇದ್ದ. ಒಂದು ವರ್ಸ ನೂಲ ಬರಲಿಲ್ಲ. ಎಲ್ಲಾರ ಮನಿ ಮಗ್ಗನೂ ನಿಂತಿದ್ವು. ನಿಮ್ಮಪ್ಪ ದಿನಾ ಮುಂಜಾನೆ ಹೆಗಲಮ್ಯಾಲ ಹಳೆ ಸೀರಿ ಗಂಟು ಹೊತ್ಕೊಂಡು, ಮುಳಗುಂದಕ್ಕ ಹೋಗಿ ಮಾರ್ಕೊಂಡು ಬರ್ತೀನಿ ಅಂತ ಹೋಗೋರು. ಸಂಜಿಗೆ ಬರೋರು. ಒಂದಿನ ಉಣ್ಣಾಕ ಕುಂತಾಗ ರೊಟ್ಟಿ ಮುರಿಯಾಕ ಬರವಲ್ದು. ಅಂಗೈ ತುಂಬ ಬೊಬ್ಬಿ. ಏನಾತು ಅಂದ್ರ, ಗಂಟಿನ ಹಗ್ಗ ಕೊಯ್ದೈತಿ ಅಂದ್ರು. ನಾ ರೊಟ್ಟೀನ ಹಾಲಿನಾಗ ಮುರದು ಕೊಟ್ಟೆ."

ಅಪ್ಪ ತಲೆ ಎತ್ತಿದರು.

"ಕಟಗಿ ಮಾರೋಕಿ ಒಬ್ಬಾಕಿ ಬಂದು, ನಿನ್ನ ಗಂಡನ್ನ ಬಿಂಕದಕಟ್ಟಿ ಗುಡ್ಡದ ಹತ್ರ ಕಂಡೆ ಅಂದ್ಲು. ನಾ ಈರನ್ನ ಬಗಲಾಗ ಎತ್ಕೊಂಡು ಇಲ್ಲೀತನಕ ನಡಕೊಂಡು ಬಂದೆ. ಆಗ ಇಲ್ಲಿ ಏನೂ ಇರಲಿಲ್ಲ. ಬರೇ ಕಲ್ಲು, ಆ ತೊಟ್ಟಿ. ಸರಕಾರದೋರು ಗಿಡ ಹಚ್ಚಾಕ ಕುಣಿ ತೋಡಿಸ್ತಿದ್ರು. ನಿಮ್ಮಪ್ಪ ಇಲ್ಲೇ, ಈ ತೊಟ್ಟಿ ಕೆಳಗ, ಗುದ್ದಲಿ ಹಿಡದು ಕುಣಿ ತೋಡಾಕತ್ತಿದ್ರು. ಅಂಗಿ ಬಿಚ್ಚಿ ಆ ಸೀರಿ ಗಂಟಿನ ಮ್ಯಾಲ ಇಟ್ಟಿದ್ರು."

"ನೀ ಮಾತಾಡಿಸಲಿಲ್ಲೇನು?" ಎಂದು ಕೇಳಿದವನು ಕಾಕಾ.

"ಇಲ್ಲ. ಹಂಗ ತಿರಿಗಿ ಹೋದೆ. ಸಂಜಿಗೆ ಮತ್ತ ಹಾಲಿನಾಗ ರೊಟ್ಟಿ ಮುರದು ಕೊಟ್ಟೆ. ನಾ ನೋಡೀನಿ ಅಂತ ಗೊತ್ತಾಗಿದ್ರ ಅವರು ನಾಚಿಕಿಲೆ ಸತ್ತ ಹೋಗ್ತಿದ್ರು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಹೋಗೂತನಕ ಕೇಳಲಿಲ್ಲ."

ಗಾಳಿ ಬಂದು ಮೇಲೆ ನೀಲಗಿರಿ ಎಲೆಗಳು ಸರಸರ ಎಂದವು. ಆಯಿ ಅಪ್ಪನ ಕಡೆ ತಿರುಗಿದಳು. "ಮಗ್ಗ ಬಿಟ್ಟಾವ ಮನಿತನ ಕೆಡಿಸಿದಾವ ಅಂದ್ರ, ನಿಮ್ಮಪ್ಪನೂ ಕೆಡಿಸಿದವರ ಆಗ್ತಾರ, ಶಂಕ್ರ. ಹೇಳು, ಆಗ್ತಾರೇನು?" ಅವಳು ಕಾಕಾನ ಕಡೆ ತಿರುಗಿದಳು. "ನೀ ಮಗ್ಗಕ್ಕ ಹೆಣ ಅಂದಿ. ನೂಲು ಬಂತು ಅಂತ ಖಬರ ಬಂದ ದಿನ ನಿಮ್ಮಪ್ಪ ಅದಕ್ಕ ಹಣಿ ಹಚ್ಚಿ ಕುಂತಿದ್ರು. ಅದರ ಅನ್ನ ಉಂಡ ಬೆಳದಾವ ನೀ. ಆ ಮಾತು ನಿನ್ನ ಬಾಯಾಗ ಬರಬಾರದಿತ್ತು."

ಅಪ್ಪ ಎದ್ದು ಹೋದರು. ಸಿಟ್ಟಿನಿಂದ ಹೋದರೆಂದು ಅವ್ವ ಹೆದರಿದಳು. ಅವರು ಸಾಲಿನ ಮೊದಲನೆಯ ಗಿಡದ ಬಳಿ ನಿಂತು ಕಾಂಡದ ಮೇಲೆ ಅಂಗೈ ಇಟ್ಟರು. ಅಲ್ಲಿಂದ ಹೆಜ್ಜೆ ಹಾಕಿ ಎರಡನೆಯದಕ್ಕೆ, ಮತ್ತೆ ಮೂರನೆಯದಕ್ಕೆ. ಕೊನೆಯವರೆಗೆ ಹೋಗಿ ಅಲ್ಲಿಯೇ ನಿಂತರು. ಬಹಳ ಹೊತ್ತಾದರೂ ತಿರುಗದಿದ್ದಾಗ ಕಾಕಾ ಮೆಲ್ಲಗೆ ಎದ್ದು ಹೋದ. ನಾನು ಮತ್ತು ಸಾವಿ, ಮಾತು ಮುಟ್ಟಿಸಲು ಬೇಕಾಗಬಹುದೆಂದು ಅವನ ಹಿಂದೆಯೇ ಓಡಿದೆವು.

"ಎಲ್ಲಾ ಗಿಡ ಒಂದ ಅಂತರದಾಗ ಅದಾವ ನೋಡು," ಎಂದರು ಅಪ್ಪ. ನಮ್ಮನ್ನು ನೋಡಿ ಹೇಳಲಿಲ್ಲ. ಕಾಕಾನ ಮುಖ ನೋಡಿ ಹೇಳಿದರು.

"ಅಪ್ಪನ ಕೈ ಅಲ್ಲೇನಣ್ಣ," ಎಂದ ಕಾಕಾ. ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ತಮ್ಮನ ಕೈಗೆ ಕೊಟ್ಟು, ತಾವು ಬೇರೆ ಕಡೆ ನೋಡಿದರು. ದೊಡ್ಡವರು ಅಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸಾವಿ ನನ್ನ ಲಂಗ ಹಿಡಿದುಕೊಂಡಳು.

ಸೋಮವಾರ ಗೌಂಡಿ ಬಂದ. ಅಪ್ಪ ಅವನಿಗೆ ಚಹಾ ಕೊಟ್ಟು, ಹಿತ್ತಲಿನ ಬಚ್ಚಲುಕಟ್ಟೆ ಬಿರುಕು ಬಿಟ್ಟಿದೆ ಎಂದು ಅದನ್ನು ಸರಿಮಾಡಿಸಿ ಕಳಿಸಿದರು. ಸುಣ್ಣದ ಗೆರೆ ನಮ್ಮ ಕಾಲ ಕೆಳಗೆ ತಾನಾಗಿಯೇ ಅಳಿಸಿತು. ಹಾಗೆಂದು ಎಲ್ಲವೂ ಹಳೆಯಂತೆ ಆಯಿತು ಎಂದರೆ ಸುಳ್ಳಾಗುತ್ತದೆ. ಕಾಕಾ ತನ್ನ ಎರಡು ಮಗ್ಗ ಕಿತ್ತ. ಕೀಲುಗಳನ್ನು ಬಿಡಿಸಲು ಅಪ್ಪನೇ ಕೈ ಹಚ್ಚಿದರು. ಊರ ಹೊರಗೆ ಶೆಡ್ಡು ಹಾಕಿ ಕಾಕಾ ಒಂದೆರಡು ವರ್ಷದಲ್ಲಿ ಅಲ್ಲಿಯೇ ಮನೆ ಹಿಡಿದ. ಸಾವಿ ಹೋದ ದಿನ ನಾನು ಉಣ್ಣಲಿಲ್ಲ. ಆದರೆ ಪ್ರತಿ ಹಬ್ಬಕ್ಕೂ ಅವರು ಬಂದರು, ಬಂದಾಗ ಒಲೆ ಒಂದೇ ಉರಿಯಿತು. ಆಯಿ ಹೋದಾಗ ಇಬ್ಬರು ಮಕ್ಕಳೂ ಅವಳ ಎರಡು ಪಕ್ಕದಲ್ಲಿ ಇದ್ದರು. ಅವಳು ತನ್ನ ಗಂಡನಿಂದ ಅಷ್ಟು ವರ್ಷ ಬಚ್ಚಿಟ್ಟ ಆ ಪ್ರೀತಿಯ ಬಗ್ಗೆ ನಾನು ಮದುವೆಯಾದ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಹಾಲಿಗೆ ರೊಟ್ಟಿ ಮುರಿದು ಕೊಡುವುದು ನನ್ನಿಂದ ಆಗುತ್ತಿತ್ತೇ? ಆಗುತ್ತಿರಲಿಲ್ಲ ಎಂದೇ ಅನ್ನಿಸುತ್ತದೆ.

ಅಪ್ಪನ ಎರಡು ಮಗ್ಗಗಳಲ್ಲಿ ಒಂದು ಮೊದಲು ನಿಂತಿತು, ಆಮೇಲೆ ಇನ್ನೊಂದು. ನೇಯ್ದ ಸೀರೆ ಕೇಳುವವರಿರಲಿಲ್ಲ. ಅಪ್ಪ ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಒಪ್ಪಿಕೊಂಡರು. ಕೆಲಸಕ್ಕೆ ಸೇರುವ ಹಿಂದಿನ ದಿನ ಕಾಕಾ ಒಂದು ಗಾಡಿ ಮಣ್ಣು ತರಿಸಿಕೊಂಡು ತಾನೂ ಬಂದ. ಇಬ್ಬರೂ ಸೇರಿ ಮಧ್ಯಾಹ್ನವೆಲ್ಲ ಕುಣಿ ತುಂಬಿದರು. ಮಣ್ಣು ಹಾಕಿ, ನೀರು ಚಿಮುಕಿಸಿ, ತುಳಿದು, ಮತ್ತೆ ಮಣ್ಣು ಹಾಕಿದರು. ಕೊನೆಗೆ ಅವ್ವ ಅದರ ಮೇಲೆ ಸಗಣಿ ಸಾರಿಸಿದಳು.

ಈಗ ಅಪ್ಪನೂ ಇಲ್ಲ, ಕಾಕಾನೂ ಇಲ್ಲ. ಮನೆ ಕೈಬದಲಾಗಿ ಅಲ್ಲಿ ಬೇರೆಯವರ ಎರಡಂತಸ್ತಿನ ಕಟ್ಟಡ ನಿಂತಿದೆ. ನನಗೆ ಮಾತ್ರ ಆ ಮರುದಿನದ ಬೆಳಗು ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಡಸಾಲೆಗೆ ಬಂದರು. ಕುಣಿ ಇದ್ದ ಜಾಗದಲ್ಲಿ ನೆಲ ಇನ್ನೂ ತೇವವಾಗಿತ್ತು. ಅವ್ವ ಬೇಡವೆಂದರೂ ಕೇಳದೆ ಅಲ್ಲೇ, ಆ ಹಸಿ ನೆಲದ ಮೇಲೆ, ಅಷ್ಟು ವರ್ಷ ಕಾಲು ಇಳಿಬಿಟ್ಟು ಕುಳಿತ ಜಾಗದಲ್ಲಿ ಮೊದಲ ಸಲ ಕಾಲು ಮಡಚಿ ಕುಳಿತುಕೊಂಡು, ಚಹಾ ತರಲು ಹೇಳಿದರು.