ಬಿಡುವಿಲ್ಲದ ಎಲ್ಡನ್

ಪಿಯಾನೊಗಳಿಗೆ ಶ್ರುತಿ ಕೂಡಿಸುವ ಎಲ್ಡನ್ ಹಕ್ಕಲನಿಗೆ ಆ ಫೆಬ್ರವರಿಯಲ್ಲಿ ಹತ್ತೊಂಬತ್ತು ದಿನಗಳಿಂದ ಕೆಲಸದ ಒಂದು ಕರೆಯೂ ಬಂದಿರಲಿಲ್ಲ. ಬಂದಿದ್ದು ಎರಡೇ ಕರೆ. ಎರಡೂ ಕಡೆಯವರು ಕೇಳಿದ್ದು ಒಂದೇ ಮಾತು: “ಅಜ್ಜಿ ಪಿಯಾನೊ ಸುಮ್ನೆ ಜಾಗ ತಿಂತಾ ಇದೆ, ಪುಕ್ಕಟೆ ಕೊಡ್ತೀವಿ, ಹೊತ್ಕೊಂಡ್ಹೋಗ್ತೀಯಾ?” ಸುಪೀರಿಯರ್ ಸರೋವರದ ದಂಡೆಯ ಆ ಗಣಿಯೂರಿನಲ್ಲಿ ಒಂದು ಕಾಲಕ್ಕೆ ಮನೆಗೊಂದು ಪಿಯಾನೊ ಇತ್ತು. ಗಣಿ ಮುಚ್ಚಿತು, ಮಕ್ಕಳು ಕಡಿಮೆಯಾದರು, ಇದ್ದ ಮಕ್ಕಳಿಗೂ ಪಿಯಾನೊ ಬೇಡವಾಯಿತು. ಉಳಿದವನು ಎಲ್ಡನ್ ಒಬ್ಬ. ವಯಸ್ಸು ಅರವತ್ತೊಂದು, ಸೊಂಟ ನೋವು, ಜೊತೆಗೆ ಒಂದು ತಿಂಗಳಿಂದ ಎಡದವಡೆಯ ಹಲ್ಲು ನೋವು. ಅಲ್ಲಿ ವೈದ್ಯರ ಖರ್ಚಿಗೆ ವಿಮೆ ಸಿಗುವುದು ನೌಕರಿಯಲ್ಲಿದ್ದವರಿಗೆ; ಸ್ವಂತ ಕೆಲಸದವನಿಗೆ ಎಲ್ಲಿಂದ ಬರಬೇಕು? ಬಲಗಡೆಯಿಂದ ಅಗಿಯುತ್ತ ಕಾಲ ತಳ್ಳುತ್ತಿದ್ದ.

ಆದರೂ ಊರವರ ಪಾಲಿಗೆ ಎಲ್ಡನ್ ಬಿಡುವಿಲ್ಲದ ಮನುಷ್ಯ. ಇದು ಅವನ ಗುರು ಕ್ವಿಸ್ಟ್ ಮುದುಕ ಹೇಳಿಕೊಟ್ಟ ಪಾಠ. “ಕರೆದ ದಿನವೇ ಓಡಿಹೋಗಬೇಡ ಕಣೋ. ಇವನಿಗೆ ಬೇರೆ ಗಿರಾಕಿ ಇಲ್ಲ ಅಂದ್ಕೋತಾರೆ. ಗಿರಾಕಿ ಇಲ್ಲದವನ ಹತ್ರ ಯಾವ ಗಿರಾಕಿ ಬರ್ತಾನೆ?” ಮುದುಕ ಫೋನಿನ ಪಕ್ಕ ಒಂದು ಡೈರಿ ಇಟ್ಟುಕೊಂಡು, ಗಿರಾಕಿಗೆ ಕೇಳಿಸುವ ಹಾಗೆ ಅದರ ಪುಟಗಳನ್ನು ಪಟಪಟನೆ ಮಗುಚಿ, ಆಮೇಲೆ “ಮುಂದಿನ ಗುರುವಾರ” ಎನ್ನುತ್ತಿದ್ದ. ಮೂವತ್ತೆರಡು ವರ್ಷದಿಂದ ಎಲ್ಡನ್ ಮಾಡಿದ್ದೂ ಅದನ್ನೇ. ಡೈರಿ ತುಂಬಿದ್ದಾಗ ಅದೊಂದು ಚಂದ. ಈಗ ಪುಟಗಳೆಲ್ಲ ಬಿಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅವನ ಹೆಂಡತಿ ಡಾರ್ಲಾ ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನ ದುಡಿಯುತ್ತಿದ್ದಳು. ಶಾಲೆಯ ಬಸ್ಸಿಗೆ ಚಾಲಕ ಬೇಕೆಂಬ ಸುದ್ದಿ ತಂದವಳೂ ಅವಳೇ. ಆ ಕೆಲಸಕ್ಕೆ ವಿಮೆಯೂ ಇತ್ತು. ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

“ಶುಕ್ರವಾರದೊಳಗೆ ಒಂದೇ ಒಂದು ಕೆಲಸ ಬರ್ಲಿ, ಬಸ್ಸಿಗೆ ಉಹೂಂ ಅಂತೀನಿ,” ಎಂದ ಎಲ್ಡನ್.

“ಒಂದು ಕೆಲಸ ಬಂದ್ರೆ ಏನಾಗುತ್ತೆ?”

“ನಾನಿನ್ನೂ ಇದ್ದೀನಿ ಅಂತಾಗುತ್ತೆ.”

ಡಾರ್ಲಾ ಎದ್ದು ಒಳಗೆ ಹೋದಳು. ಅವಳಿಗೂ ಸಾಕಾಗಿತ್ತು.

ಬುಧವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಆ ಕಡೆ ಇನೆಜ್ ಕೋಸ್ಕಿ. ಚರ್ಚಿನಲ್ಲಿ ಹೂವಿನಿಂದ ಹಿಡಿದು ಕಾಫಿಯವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಎಪ್ಪತ್ತು ದಾಟಿದ ಹೆಂಗಸು.

“ಎಲ್ಡನ್, ನಮ್ಮ ಚರ್ಚಿನ ಪಿಯಾನೊ ಸ್ವಲ್ಪ ನೋಡ್ಬೇಕಿತ್ತಪ್ಪ. ನಾಳೆ ಬರೋಕಾಗುತ್ತಾ?”

ಎಲ್ಡನ್‌ಗೆ ಸಂತೋಷದಿಂದ ಕೂಗಿಬಿಡಬೇಕು ಅನ್ನಿಸಿತು. ಆದರೆ ಕೈ ಆಗಲೇ ಡೈರಿಗೆ ಹೋಗಿತ್ತು. ಖಾಲಿ ಪುಟಗಳು ಪಟಪಟನೆ ಮಗುಚಿದವು.

“ನಾಳೆನಾ... ನಾಳೆ ಕಷ್ಟ, ಇನೆಜ್. ಮುಂದಿನ ಗುರುವಾರ ಆದ್ರೆ ನೋಡೋಣ.”

“ಅಯ್ಯೋ, ಹೌದಾ? ಬೆಳಿಗ್ಗೆ ಆಯ್ಲಿ ಹೋಗಿಬಿಟ್ಲು. ಶನಿವಾರ ಅಂತ್ಯಕ್ರಿಯೆ. ಹೋಗ್ಲಿ ಬಿಡು, ನಿನಗೆ ಕೈತುಂಬ ಕೆಲಸ. ಮೊಮ್ಮಗಳ ಕೀಬೋರ್ಡ್ ತಂದು ಹೇಗೋ ಸುಧಾರಿಸ್ತೀವಿ.” ಫೋನು ಕೆಳಗಿಟ್ಟಳು.

ಆಯ್ಲಿ ಎಂದರೆ ನಲವತ್ತು ವರ್ಷ ಆ ಪಿಯಾನೊ ನುಡಿಸಿದವಳು. ಎಲ್ಡನ್ ಹೊಸಬನಾಗಿದ್ದಾಗ ಅವನ ಶ್ರುತಿ ಕೇಳಿ, “ಮುದುಕನಿಗಿಂತ ನಿನ್ನ ಕಿವಿ ಚೆನ್ನಾಗಿದೆ, ಅವನಿಗೆ ಹೇಳ್ಬೇಡ” ಎಂದಿದ್ದವಳು. ಎಲ್ಡನ್ ಫೋನನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಮನೆಬಾಗಿಲಿಗೆ ಬಂದ ಕೆಲಸವನ್ನು ಕಾಲಿನಿಂದ ಒದ್ದಿದ್ದ, ಅದೂ ಆಯ್ಲಿಯ ಕೆಲಸವನ್ನು. ತನ್ನ ಮೇಲೇ ಅಸಹ್ಯವಾಯಿತು.

ಪಾತ್ರೆ ಒರೆಸುತ್ತಿದ್ದ ಡಾರ್ಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನಾಳೆ ಏನಪ್ಪಾ ಅಂಥ ಕೆಲಸ ನಿನಗೆ? ಕಿಟಕೀಲಿ ಅಳಿಲು ಎಣಿಸೋದಾ?”

“ಸುಮ್ನಿರೇ.”

“ಈಗಲೇ ವಾಪಸ್ ಫೋನ್ ಮಾಡು. ಯಾರೋ ಕೆಲಸ ರದ್ದು ಮಾಡಿದ್ರು ಅನ್ನು.”

“ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು ಕೊಡ್ಲಾ? ಅದೂ ಆಯ್ಲಿ ಸತ್ತ ದಿನ?”

“ಹಾಗಾದ್ರೆ ನಿಜ ಹೇಳು.”

ನಿಜ ಹೇಳುವುದಕ್ಕೆ ಅವನಿಗೆ ಒಂದೂವರೆ ದಿನ ಹಿಡಿಯಿತು. ಗುರುವಾರವಿಡೀ ಕಿಟಕಿಯ ಹತ್ತಿರ ಕೂತ. ಹಲ್ಲು ಕೆನ್ನೆಯವರೆಗೂ ಸಿಡಿಯುತ್ತಿತ್ತು. ಡಾರ್ಲಾ ಸೂಪು ತಂದಿಟ್ಟಳು, ಅದು ಆರಿಹೋಯಿತು. ಇನ್ನೊಂದು ಕೆಲಸ ಬಂದೀತೆಂದು ಅವನು ಕಾಯುತ್ತಿರಲಿಲ್ಲ. ಬಂದ ಒಂದನ್ನು ತಾನೇ ಕಳೆದುಕೊಂಡಿದ್ದ. ಬಸ್ಸಿನ ವಿಷಯಕ್ಕೆ ಅದೇ ಉತ್ತರ ಎಂದುಕೊಂಡ.

ಶುಕ್ರವಾರ ಬೆಳಿಗ್ಗೆ ವ್ಯಾನಿನ ಮೇಲಿನ ಹಿಮ ಕೆರೆದು, ಮೊದಲು ಬಸ್ ಡಿಪೋಗೆ ಹೋದ. ಕಾಗದಕ್ಕೆ ಸಹಿ ಹಾಕಿದ. ಹೊರಗೆ ಬಂದು ವ್ಯಾನಿನಲ್ಲೇ ಕೂತು ಡೈರಿ ತೆಗೆದ. ಬರೆಯುವ ಹೊತ್ತಿಗೆ ಕಣ್ಣು ಮಂಜಾಯಿತು. ಚಳಿಗೆ ಎಂದುಕೊಂಡ, ಆದರೆ ಚಳಿಗಲ್ಲ. ಅಲ್ಲಿಂದ ನೇರವಾಗಿ ಚರ್ಚಿಗೆ ಹೋದ.

ಇನೆಜ್ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮಾರನೆಯ ದಿನ ಅಂತ್ಯಕ್ರಿಯೆಗೆ ಬರುವವರ ಕಾಫಿಗೆಂದು ಏಲಕ್ಕಿ ಬ್ರೆಡ್ಡು ಹೆಚ್ಚುತ್ತಿದ್ದಳು. ಎಲ್ಡನ್ ಟೋಪಿ ತೆಗೆದು ಬಾಗಿಲಲ್ಲೇ ನಿಂತ.

“ಇನೆಜ್, ಮೊನ್ನೆ ನಾನು ಹೇಳಿದ್ದು ಸುಳ್ಳು. ನನಗೆ ಕೆಲಸವೇ ಇಲ್ಲ. ಹತ್ತೊಂಬತ್ತು... ಇವತ್ತಿಗೆ ಇಪ್ಪತ್ತೊಂದು ದಿನ ಆಯ್ತು.”

ಇನೆಜ್ ಚಾಕು ನಿಲ್ಲಿಸಲಿಲ್ಲ. “ಗೊತ್ತು ಮಾರಾಯ.”

“ಗೊತ್ತಾ?”

“ನಿನ್ನ ವ್ಯಾನಿನ ಮೇಲೆ ಮೂರು ವಾರದ ಹಿಮ ಮೊಣಕಾಲೆತ್ತರ ಕೂತಿತ್ತು. ಅದ್ರೊಳಗೆ ಕೂತು ಆಕಾಶಮಾರ್ಗವಾಗಿ ಕೆಲಸಕ್ಕೆ ಹೋಗ್ತಿದ್ಯಾ? ಊರಿಗೆಲ್ಲ ಗೊತ್ತು.”

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಅಷ್ಟು ಕಷ್ಟಪಟ್ಟು ಪುಟ ಮಗುಚ್ತಾ ಇದ್ದೆ. ಆ ಮಾನವನ್ನೂ ಕಿತ್ಕೊಂಡು ನನಗೇನಾಗ್ಬೇಕು?” ಒಂದು ತುಂಡು ಬ್ರೆಡ್ಡು ಅವನ ಕಡೆ ತಳ್ಳಿದಳು. “ತಿಂದು ಮೇಲೆ ಹೋಗು. ಅವಳ ಪಿಯಾನೊ ಕಾಯ್ತಾ ಇದೆ.”

ಎಲ್ಡನ್ ಬ್ರೆಡ್ಡನ್ನು ಬಲಗಡೆಯಿಂದ ಅಗಿಯುತ್ತ ಮೇಲೆ ಹೋದ. ಮಾನ ಉಳಿಸಿಕೊಂಡೆ ಎಂದು ತಾನು ಬೀಗುತ್ತಿದ್ದಾಗ ಅದನ್ನು ಉಳಿಸುತ್ತಿದ್ದವರು ಊರವರು ಎಂದು ತಿಳಿದು ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದಣಿವಾಯಿತು. ಇಷ್ಟು ವರ್ಷ ಹೊತ್ತಿದ್ದನ್ನು ಇಳಿಸಿದ ಮೇಲೆ ಬರುವ ದಣಿವು ಅದು.

ಮುಚ್ಚಳ ಬಿಚ್ಚಿ, ಬೆರಳಿನಿಂದ ಒತ್ತಿ ನುಡಿಸುವ ಮಣೆಗಳಲ್ಲಿ ಮೊದಲನೆಯದನ್ನು ಹೊರಗೆಳೆದ. ಶ್ರುತಿ ಕೂಡಿಸಿದವರು ಅದರ ಪಕ್ಕೆಯ ಮೇಲೆ ಪೆನ್ಸಿಲಿನಿಂದ ಹೆಸರು, ತಾರೀಕು ಬರೆದಿಡುವುದು ರೂಢಿ. ಮೇಲೆ ಕ್ವಿಸ್ಟ್ ಮುದುಕನ ಅಕ್ಷರ, ಕೆಳಗೆ ವರ್ಷ ವರ್ಷದ ತನ್ನದು. ಕೊನೆಯದು ನಾಲ್ಕು ವರ್ಷ ಹಿಂದಿನದು. ಮೂರು ಗಂಟೆ ಕೆಲಸ ಮಾಡಿದ. ಆಯ್ಲಿ ಹಿಂದೆ ನಿಂತು ಕೇಳುತ್ತಿದ್ದಾಳೆ ಎಂಬ ಹಾಗೆ ಒಂದೊಂದು ತಂತಿಯನ್ನೂ ಬಿಗಿದ. ಕೊನೆಗೆ ಆ ದಿನದ ತಾರೀಕು ಬರೆದು ಮಣೆಯನ್ನು ಮತ್ತೆ ಜಾಗಕ್ಕೆ ಸೇರಿಸಿದ.

ಇನೆಜ್ ಬಂದು ಚೆಕ್ಕು ಕೊಟ್ಟಳು. ಅವನು ಬೇಡ ಅನ್ನಲಿಲ್ಲ.

“ನೋಡು, ಪಕ್ಕದೂರಲ್ಲಿ ನನ್ನ ತಂಗಿ ಮನೇಲೂ ಒಂದಿದೆ. ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ಹೋಗ್ಬಿಡ್ತೀಯಾ?”

“ಸೋಮವಾರ ಬೆಳಿಗ್ಗೆ ಆಗಲ್ಲ, ಇನೆಜ್.”

ಇನೆಜ್ ಸೊಂಟದ ಮೇಲೆ ಕೈ ಇಟ್ಟಳು. “ಮತ್ತೆ ಶುರು ಮಾಡಿದ್ಯಾ! ಸಾಕು ಬಿಡೋ ನಿನ್ನ ನಾಟಕ.”

ಎಲ್ಡನ್ ಡೈರಿ ತೆಗೆದು ಅವಳ ಕೈಗೇ ಕೊಟ್ಟ. ಇನೆಜ್ ಕನ್ನಡಕ ಹಾಕಿಕೊಂಡಳು. ಸೋಮವಾರ: ಆರು ಗಂಟೆ, ಬಸ್ಸು. ಮಂಗಳವಾರ: ಆರು ಗಂಟೆ, ಬಸ್ಸು. ಒಂದು ಪುಟ ಮಗುಚಿದಳು, ಇನ್ನೊಂದು ಮಗುಚಿದಳು. ಶಾಲೆ ಮುಗಿಯುವ ಜೂನ್‌ವರೆಗೂ ಅದೇ ಅಕ್ಷರ. ನಗಲಿಲ್ಲ. ಡೈರಿಯನ್ನು ಮೆಲ್ಲಗೆ ಮುಚ್ಚಿ ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟಳು.

“ಹಾಗಾದ್ರೆ ನಿನಗೆ ಬಿಡುವು ಯಾವಾಗ?”

“ದಿನಾ ಹತ್ತರಿಂದ ಎರಡರವರೆಗೆ,” ಎಂದ ಎಲ್ಡನ್. ಮೂವತ್ತೆರಡು ವರ್ಷದಲ್ಲಿ ಆ ಪ್ರಶ್ನೆಗೆ ಅವನು ಪುಟ ಮಗುಚದೆ ಉತ್ತರ ಕೊಟ್ಟದ್ದು ಅದೇ ಮೊದಲು.