ಟ್ರಾಲಿ ಚಕ್ರದ ಮೇಲಿನ ಸೊಪ್ಪು

ಬಾಳ್ಳುಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ಮುಖಗಳು ಹೊಟ್ಟೆಪಾಡಿಗೆ. ಬಿಡುವಾದರೆ ಕ್ಯಾಮೆರಾ ಹೆಗಲಿಗೇರಿಸಿ ಬಿಳಿ ದೊರೆಗಳ ಕಾಲದ ಪಾಳು ಹಳಿಗಳನ್ನು ಹುಡುಕಿಕೊಂಡು ಹೋಗುವುದು ನನ್ನ ಹುಚ್ಚು. "ತುಕ್ಕು ಹಿಡಿದ ಕಬ್ಬಿಣದಲ್ಲಿ ಅದೇನು ಚೆಂದ ಕಾಣ್ತದೋ ಇವಳಿಗೆ" ಅಂತ ಪಕ್ಕದ ಬೇಕರಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬನ್ನಿನ ಫೋಟೋ ತೆಗೆಯಲು ನನಗೂ ಮನಸ್ಸಿಲ್ಲ.

ಅವ್ವ ಮಾತ್ರ ಯಾವತ್ತೂ ಆಡಿಕೊಂಡವಳಲ್ಲ. ಅವಳು ಹುಟ್ಟಿದ್ದೇ ಬಿಸಿಲೆ ಕಡೆಯ ಎಸ್ಟೇಟೊಂದರ ಕೂಲಿಯಾಳುಗಳ ಲೈನ್ ಮನೆಯಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಅಲ್ಲಿ ಆಗಿನ್ನೂ ಬಿಳಿ ದೊರೆಯದೇ ದರ್ಬಾರು. ಕಾಫಿ ಹಣ್ಣು ತುಂಬಿದ ಟ್ರಾಲಿಗಳನ್ನು ಆಳುಗಳು ಗುಡ್ಡದ ಮೇಲಿಂದ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಹಳಿಯ ಮೇಲೆ ಇಳಿಸುತ್ತಿದ್ದರು. ಹಾಗೆ ಇಳಿಯುತ್ತಿದ್ದ ಒಂದು ಟ್ರಾಲಿ ತಿರುವಿನಲ್ಲಿ ಮಗುಚಿ, ಅವ್ವನ ತಂಗಿ ಅದರಡಿಗೆ ಸಿಕ್ಕಿದಳು. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ದೊರೆಯ ನಾಯಿ ಸತ್ತಾಗ ಬಂಗ್ಲೆಯ ಮುಂದೆ ಹೆಸರು ಕೆತ್ತಿದ ಅಮೃತಶಿಲೆ ನಿಂತಿತು. ಆ ಬಂಗ್ಲೆ ಈಗ ಹೋಂಸ್ಟೇ, ಅಲ್ಲಿಗೆ ಬಂದವರು ಇವತ್ತಿಗೂ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕೂಸನ್ನು ತಾತ ಹಳಿಯ ಬದಿಯಲ್ಲೇ ಮಣ್ಣು ಮಾಡಿ, ಅದೇ ಟ್ರಾಲಿಯ ಒಂದು ಚಕ್ರವನ್ನು ಮೇಲೆ ಮಲಗಿಸಿಟ್ಟನಂತೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ದಾರಿಯಲ್ಲಿ ಹೋಗುವವರು ಒಂದು ಕುಡಿ ಹಸಿ ಸೊಪ್ಪು ಮುರಿದು ಚಕ್ರದ ಮೇಲೆ ಹಾಕಬೇಕು, ಹಾಕದೆ ದಾಟಿದರೆ ಕೂಸು ಹಿಂದೆಯೇ ಬರುತ್ತದೆ ಅನ್ನುವುದು ಲೈನಿನವರ ನಂಬಿಕೆ. ಮದುವೆಯಾಗಿ ಆನೇಮಹಲಿಗೆ ಬರುವ ತನಕ ಅವ್ವ ಹಾಕಿದಳು. ಆಮೇಲೆ ಟ್ರಾಲಿ ನಿಂತಿತು, ಹಳಿಯ ಮೇಲೆ ಕಾಡು ಬೆಳೆಯಿತು. ಈಗ ಅವ್ವನ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಅಂತ ಹಾಸನದ ಡಾಕ್ಟರು ಹೇಳಿಬಿಟ್ಟಿದ್ದಾರೆ.

"ಕಣ್ಣು ಪೂರ್ತಿ ಹೋಗೋಕೆ ಮುಂಚೆ ಆ ಜಾಗ ಒಂದ್ಸಲ ತೋರ್ಸು ಮಗಾ" ಅಂದಳು. "ಯಾರಾದ್ರೂ ಸೊಪ್ಪು ಹಾಕ್ತಾವ್ರಾ, ಇಲ್ಲ ಕೂಸು ಒಂದೇ ಬಿದ್ದೈತಾ, ಅಷ್ಟು ತಿಳಿದ್ರೆ ಸಾಕು." ಆ ಕಾಡುದಾರಿ ನಡೆಯಲು ಅವಳಿಂದಾಗದು, ಫೋಟೋದಲ್ಲೇ ತೋರಿಸೋಣ ಅಂತ ನಾನೊಬ್ಬಳೇ ಹೊರಟೆ.

"ಆನೆ ಓಡಾಡ್ತವೆ ಕಣ್ರೀ, ಆ ಕಡೆ ನಮ್ಮಾಳು ಯಾರೂ ಹೋಗಲ್ಲ" ಅಂತ ಗೊಣಗುತ್ತಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗೇಟು ತೆಗೆದರು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹಳಿ ಒಂದು ಕಡೆ ಬೇರಿನಡಿ ಹೂತುಹೋಗಿ ಇನ್ನೊಂದು ಕಡೆ ಏಳುತ್ತಿತ್ತು. ನಾನು ನಿಂತರೆ, ಹಿಂದೆ ಜಲ್ಲಿಯ ಸದ್ದು ಒಂದು ಹೆಜ್ಜೆ ತಡವಾಗಿ ನಿಲ್ಲುತ್ತಿತ್ತು. ನನ್ನದೇ ಪ್ರತಿಧ್ವನಿ ಅಂದುಕೊಂಡೆ. ಅಂದುಕೊಳ್ಳದೆ ಇನ್ನೇನು ಮಾಡಲಿ.

ತಿರುವಿನಲ್ಲಿ ಚಕ್ರ ಸಿಕ್ಕಿತು. ಅದರ ಮೇಲೆ ಅತ್ತಿ ಸೊಪ್ಪು. ಆಗತಾನೆ ಮುರಿದದ್ದು, ತೊಟ್ಟಿನಲ್ಲಿ ಇನ್ನೂ ಹಾಲು ಒಸರುತ್ತಿತ್ತು. ಸುತ್ತ ಒದ್ದೆ ನೆಲದಲ್ಲಿ ನನ್ನದು ಬಿಟ್ಟರೆ ಇನ್ನೊಂದು ಹೆಜ್ಜೆಗುರುತಿಲ್ಲ. ಆದರೂ ಕೈ ತನ್ನ ಕಸುಬು ಬಿಡಲಿಲ್ಲ. ಮದುವೆ ಸ್ಟೇಜಿನಲ್ಲಿ ಕ್ಲಿಕ್ ಮಾಡುವ ಮುಂಚೆ ಬಾಡಿದ ಹೂವು, ನೀರಿನ ಬಾಟಲಿ ಸರಿಸುತ್ತೇನಲ್ಲ, ಅದೇ ಚಾಳಿ. ಸೊಪ್ಪನ್ನು ಗುಡಿಸಿ ಪಕ್ಕದ ಪೊದೆಗೆ ಎಸೆದೆ. ಚಕ್ರದ ಕಬ್ಬಿಣ ಪೂರ್ತಿ ಕಂಡಿತು. ಫೋಟೋ ತೆಗೆದು ಸರಸರ ವಾಪಸಾದೆ.

ಅವ್ವ ದೊಡ್ಡ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂಗಿಗೆ ತಾಗುವಷ್ಟು ಹತ್ತಿರ ತಂದಳು.

"ಸೊಪ್ಪೇ ಇಲ್ವಲ್ಲ."

"ಇತ್ತು ಕಣವ್ವ. ಫೋಟೋ ಚೆನ್ನಾಗಿ ಬರಲಿ ಅಂತ ನಾನೇ ತೆಗೆದೆ."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ" ಅಂದವಳು ಮುಖಕ್ಕೆ ಸೆರಗು ಎಳೆದುಕೊಂಡಳು. ಆ ರಾತ್ರಿ ಉಣ್ಣಲಿಲ್ಲ, ಮಾರನೇ ದಿನವೂ ಇಲ್ಲ. ನನ್ನ ಕೈಯನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಮತ್ತೆ ಹೋದೆ. ಒಳ್ಳೆ ಬಿಸಿಲಿತ್ತು, ಹಿಂದೆ ಹೆಜ್ಜೆ ಸದ್ದೂ ಇರಲಿಲ್ಲ. ಅದಕ್ಕೇ ಇನ್ನೂ ಭಯವಾಯಿತು. ಚಕ್ರದ ಮೇಲೆ ಸೊಪ್ಪಿತ್ತು, ಹೊಸದಲ್ಲ. ನಾನು ಪೊದೆಗೆ ಎಸೆದಿದ್ದ ಅದೇ ಅತ್ತಿ ಸೊಪ್ಪು, ಹುಳ ತಿಂದ ಅದೇ ಎಲೆ. ಬಾಡಿ ಮುದುಡಿದ್ದನ್ನು ಒಂದೊಂದಾಗಿ ಹೆಕ್ಕಿ, ತಲೆಕೆಳಗಾಗಿ, ಒಂದರ ಮೇಲೊಂದು ಇಟ್ಟಿತ್ತು. ಮುಟ್ಟಲಿಲ್ಲ. ಕ್ಲಿಕ್ ಮಾಡಿದವಳು ಗೇಟು ಸಿಗುವ ತನಕ ಹಿಂದಿರುಗಿ ನೋಡಲಿಲ್ಲ.

ಅವ್ವ ಈ ಫೋಟೋವನ್ನು ಬಹಳ ಹೊತ್ತು ನೋಡಿದಳು. ಮುಖ ತಿಳಿಯಾಯಿತು.

"ಬಾಡಿದ್ನ ಯಾರೂ ಹಾಕಲ್ಲ ಮಗಾ, ದೊಡ್ಡೋರಿಗೆ ಗೊತ್ತಿರ್ತದೆ. ಕೂಸಿಗೇನು ಗೊತ್ತು, ತನ್ನ ಸೊಪ್ಪ ತಾನೇ ಎತ್ತಿ ಇಟ್ಕಂಡೈತೆ" ಅಂದಳು. ಆಮೇಲೆ ಕೇಳಿದಳು, "ನೀನು ಹಾಕಿ ಬಂದ್ಯಾ?"

ಎರಡು ಸಲ ಹೋಗಿದ್ದೆ, ಒಂದು ಸಲವೂ ಹಾಕಿರಲಿಲ್ಲ. ಇಲ್ಲ ಅಂದೆ.

ಅವ್ವ ನನ್ನನ್ನು ಬಿಟ್ಟು ನನ್ನ ಹಿಂದಿನ ಬಾಗಿಲ ಕಡೆ ನೋಡಿದಳು. ಎಷ್ಟೋ ದಿನದ ಮೇಲೆ ನಕ್ಕಳು.

"ಹಂಗಾದ್ರೆ ಅನ್ನ ಬಡಿಸು. ಇನ್ನೊಂದು ಸಣ್ಣ ತಟ್ಟೆನೂ ಇಡು."

ಇಟ್ಟೆ.